ಗ್ರಾಮಸಭೆಯಲ್ಲಿ ನಿಮ್ಮ ಮಾತು ಠರಾವಾಗಬೇಕಾದರೆ

ದಿಲ್ಲಿಯ ರಾಜಕೀಯ ನಂಬಿ ಕೂತರೆ ನಮ್ಮ ಓಣಿಯ ಗಟಾರ ಹರಿಯುವುದಿಲ್ಲ ಎಂದು ಕುಷ್ಟಗಿ, ಯಲಬುರ್ಗಾ ಕಡೆ ಕಟ್ಟೆಯ ಮೇಲೆ ಕೂತವರು ಬೇಸರಪಡುವುದುಂಟು. ಆ ಬೇಸರ ಸುಳ್ಳಲ್ಲ. ಆದರೆ ಗಟಾರದ ಮಾತು ಕೇಳಲೇಬೇಕಾದ ಸಭೆಯೊಂದು ಊರಲ್ಲೇ ಇದೆ. ಅದೇ ಗ್ರಾಮಸಭೆ.

ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಇದರ ಸದಸ್ಯರು. ಯಾವ ಪಕ್ಷದವರು ಎಂದು ಯಾರೂ ಕೇಳುವಂತಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯೂ ಪಕ್ಷದ ಚಿಹ್ನೆ ಇಲ್ಲದೆಯೇ ನಡೆಯುತ್ತದೆ.

1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಮೊದಲು ವಾರ್ಡ್ ಸಭೆ, ಅಂದರೆ ನಿಮ್ಮ ಓಣಿಯವರ ಸಭೆ. ಬೇಡಿಕೆ ಅಲ್ಲಿಂದಲೇ ಹೊರಡಬೇಕು. ನೇರ ಗ್ರಾಮಸಭೆಗೆ ಬಂದವರ ಮಾತು ಗದ್ದಲದಲ್ಲಿ ಕಳೆದುಹೋಗುತ್ತದೆ. ಮನೆ ಯಾರಿಗೆ, ರಸ್ತೆ ಎಲ್ಲಿಗೆ ಎಂಬುದು ಗ್ರಾಮಸಭೆಯಲ್ಲಿ ಚರ್ಚೆಯಾಗಬೇಕು. ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಮತದಾರರ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಎರಡರಲ್ಲಿ ಕಡಿಮೆ ಇರುವಷ್ಟು.

ಹೋದರೆ ಏನು ಸಿಗುತ್ತದೆ ಎನ್ನುವಿರಾ? ಊರ ಕೆಲಸಕ್ಕೆ ಹಣ ಬರುವ ದಾರಿ. ಒಂದು ಉದಾಹರಣೆ ನೋಡಿ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತಾಗ ಅಲ್ಲಿನ ಹಿರೇಹಳ್ಳ ಸ್ವಚ್ಛಗೊಳಿಸಲು ಜನ ತಾವೇ ಇಳಿದರು. ಅಂಥ ಅಭಿಮಾನ ನಮ್ಮಲ್ಲಿದೆ. ಆದರೆ ತೆಗೆದ ಹೂಳು ಮತ್ತೆ ಕೂಡುತ್ತದೆ. ಊರ ಹಳ್ಳವನ್ನು ವರ್ಷವರ್ಷವೂ ನೋಡಿಕೊಳ್ಳಲು ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ, ಅಂದರೆ ಆ ವರ್ಷದ ಕೆಲಸಗಳ ಪಟ್ಟಿಯಲ್ಲಿ, ಅದು ಸೇರಬೇಕು. ಉತ್ಸಾಹವನ್ನು ಠರಾವು, ಅಂದರೆ ಸಭೆಯ ನಿರ್ಣಯ, ಮಾಡಿಸದಿದ್ದರೆ ಹಣ ಬರುವುದಿಲ್ಲ.

ಆದ್ದರಿಂದ ಬೇಡಿಕೆಯನ್ನು ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ನಡಾವಳಿ ಪುಸ್ತಕದಲ್ಲಿ, ಅಂದರೆ ಸಭೆಯ ಕಲಾಪ ದಾಖಲಿಸುವ ಪುಸ್ತಕದಲ್ಲಿ, ಬರೆದುಕೊಂಡಿದ್ದನ್ನು ಓದಿಸಿ ಕೇಳಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ.

ಸಭೆಗೆ ಶುಲ್ಕವಿಲ್ಲ. ದಿನಾಂಕವನ್ನು ಪಂಚಾಯಿತಿ ಕಚೇರಿಯಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ತಿಳಿಸುತ್ತಾರೆ. ಕೊಪ್ಪಳ, ಗಂಗಾವತಿ ಪಟ್ಟಣದವರಿಗೆ ಗ್ರಾಮಸಭೆ ಇಲ್ಲ. ಅವರು ನಗರಸಭೆಯ ವಾರ್ಡ್ ಸದಸ್ಯರನ್ನೇ ಹಿಡಿಯಬೇಕು.

ನಡಾವಳಿಯ ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಬಿಪಿಎಲ್ ಕುಟುಂಬದವರಿಗೆ ಆ ಶುಲ್ಕವೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಸಲ್ಲಿಸಬಹುದು.