ಮನೆಯಲ್ಲಿ ಗಿನಿಪಿಗ್ ಸಾಕಣೆ

ಬೇಸಾಯಗಾರರ ಮನೆಯಲ್ಲಿ ಇಲಿಯ ಕುಲಕ್ಕೆ ಒಳ್ಳೆಯ ಹೆಸರಿಲ್ಲ. ಚೌತಿಯ ದಿನ ಗಣಪತಿಯ ವಾಹನವೆಂದು ಕೈಮುಗಿದರೂ, ಮರುದಿನ ರಾಗಿಯ ಮೂಟೆ ತೂತಾಗಿದ್ದರೆ ಬೋನು ಹುಡುಕುವವರೇ ನಾವೆಲ್ಲ. ಅಂತಹ ಮನೆಯಲ್ಲಿ ಹುಟ್ಟಿದ ನಾನು ಇಲಿಯ ದಾಯಾದಿಯೊಂದನ್ನು ಎರಡು ವರ್ಷಗಳಿಂದ ಸಾಕುತ್ತಿರುವೆನೆಂದರೆ ಸಹಪಾಠಿಗಳು ನಗುವುದು ಸಹಜ. ಆ ದಾಯಾದಿಯೇ ಗಿನಿಪಿಗ್.

ಹೆಸರು ಹೀಗಿದ್ದರೂ ಇದು ಗಿನಿ ದೇಶದ್ದಲ್ಲ, ಹಂದಿಯಂತೂ ಅಲ್ಲವೇ ಅಲ್ಲ. ಇದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಸೀಮೆ. ಅಲ್ಲಿಯ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಮಾಂಸಕ್ಕಾಗಿ ಪಳಗಿಸಿದರು. 16ನೆಯ ಶತಮಾನದಲ್ಲಿ ಯೂರೋಪನ್ನು ಸೇರಿ ಮುದ್ದಿನ ಪ್ರಾಣಿಯಾಯಿತು. ಅನಂತರ ಪ್ರಯೋಗಶಾಲೆಯನ್ನೂ ಹೊಕ್ಕಿತು.

ಸಾಕುವವರು ಮೊದಲು ತಿಳಿಯಬೇಕಾದುದು ಆಹಾರದ ವಿಷಯ. ಇದರ ಹಲ್ಲು ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತದೆ. ಅದು ಸವೆಯಲು ಒಣಹುಲ್ಲು ಸದಾ ಮುಂದಿರಬೇಕು. ಇನ್ನೊಂದು ವಿಶೇಷವುಂಟು. ಹಸುವಿನ ದೇಹ, ಇಲಿಯ ದೇಹ ಸಿ ಜೀವಸತ್ವವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಗಿನಿಪಿಗ್ಗಿಗೆ ಮನುಷ್ಯನಂತೆಯೇ ಆ ಶಕ್ತಿಯಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಬರಿಯ ಧಾನ್ಯವನ್ನು ತಿನ್ನಿಸಿದಾಗ, ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗವೇ ಇವುಗಳಿಗೂ ಬಂದಿತು. ಕೀಲು ಊದಿ, ವಸಡಿನಲ್ಲಿ ರಕ್ತ ಒಸರುವ ಈ ರೋಗಕ್ಕೆ ನಮ್ಮ ಸಂತೆಯಲ್ಲಿಯೇ ತಡೆಯಿದೆ: ದಿನವೂ ಸ್ವಲ್ಪ ಕೊತ್ತಂಬರಿ ಸೊಪ್ಪು, ದೊಣ್ಣೆ ಮೆಣಸಿನಕಾಯಿ, ಆಗಾಗ ಸೀಬೆಯ ಒಂದು ಚೂರು. ಗದ್ದೆಯ ಬದುವಿನ ಗರಿಕೆಯೂ ಒಳ್ಳೆಯ ಮೇವು. ಆದರೆ ಔಷಧಿ ಸಿಂಪಡಿಸಿದ ಜಾಗದ್ದನ್ನು ತರಬಾರದು.

ಗೂಡಿನ ತಳ ತಂತಿಯದಾದರೆ ಪಾದ ಹುಣ್ಣಾಗುತ್ತದೆ. ಹಲಗೆಯ ಮೇಲೆ ಹುಲ್ಲು ಹಾಸುವುದು ಲೇಸು. ಚಳಿಗಿಂತ ನಮ್ಮ ಬೇಸಿಗೆಯೇ ಇದಕ್ಕೆ ಹೆಚ್ಚು ಅಪಾಯ. ಏಪ್ರಿಲ್ ತಿಂಗಳಲ್ಲಿ ಗೂಡನ್ನು ನೆರಳಿಗೆ ಸರಿಸಿ, ಪಕ್ಕದಲ್ಲಿ ಒದ್ದೆ ಗೋಣಿಯನ್ನು ತೂಗುಹಾಕುತ್ತೇನೆ. ಒಂಟಿಯಾಗಿ ಇದು ಸೊರಗುತ್ತದೆ. ಎರಡು ಹೆಣ್ಣುಗಳು ಜೊತೆಯಲ್ಲಿ ಸುಖವಾಗಿರುತ್ತವೆ.

ಇನ್ನು ಸಂತಾನದ ಮಾತು. ಇಲಿಯ ಗರ್ಭ ಮೂರು ವಾರದ್ದು. ಮರಿ ಕಣ್ಣು ಮುಚ್ಚಿ, ಕೂದಲಿಲ್ಲದೆ ಹುಟ್ಟುತ್ತದೆ. ಗಿನಿಪಿಗ್ಗಿನ ಗರ್ಭ 59ರಿಂದ 72 ದಿನಗಳದು. ಆದುದರಿಂದಲೇ ಮರಿ ಮೈತುಂಬ ಕೂದಲು, ತೆರೆದ ಕಣ್ಣು, ಹಲ್ಲುಗಳೊಡನೆ ಹುಟ್ಟಿ ಕೆಲವೇ ಗಂಟೆಗಳಲ್ಲಿ ಓಡಾಡುತ್ತದೆ. ಸೂಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ. ಹೆಣ್ಣು ಏಳು ತಿಂಗಳಾಗುವವರೆಗೂ ಈಯದಿದ್ದರೆ ಅದರ ಸೊಂಟದ ಎಲುಬು ಬೆಸೆದುಕೊಂಡು, ಆಮೇಲಿನ ಹೆರಿಗೆ ಪ್ರಾಣಕ್ಕೇ ಎರವಾಗಬಹುದು. ಈದ ದಿನವೇ ಅದು ಮತ್ತೆ ಗರ್ಭ ಧರಿಸಬಲ್ಲುದು. ಆದ್ದರಿಂದ ಹೆರಿಗೆಗೆ ಮುನ್ನವೇ ಗಂಡನ್ನು ಬೇರ್ಪಡಿಸಬೇಕು. ಮೂರು ವಾರವಾದೊಡನೆ ಗಂಡುಮರಿಗಳನ್ನೂ ತೆಗೆಯಬೇಕು.

ಹೀಗೆ ಮಾಡದಿದ್ದರೆ ಒಂದೇ ಜೋಡಿಯಿಂದ ವರ್ಷದೊಳಗೆ ಹನ್ನೆರಡಕ್ಕೂ ಮಿಕ್ಕಿ ಮರಿಗಳಾದಾವು. ಅವುಗಳಿಗೆ ಮನೆಯೆಲ್ಲಿ? ಕಾಡಿಗೆ ಬಿಟ್ಟರೆ ಬದುಕುವ ಪ್ರಾಣಿಯಲ್ಲ ಇದು. ಬೀದಿಗೆ ಬಿಟ್ಟರೆ ನಾಯಿಯ ಪಾಲು. ನಮ್ಮ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಪುಸ್ತಕದಿಂದ ಇವನ್ನೆಲ್ಲ ಓದಿ ಹೇಳಿದಾಗ, "ಮೇವು ಇದ್ದಷ್ಟೇ ದನ ಕಟ್ಟಬೇಕಪ್ಪ" ಎಂದಷ್ಟೇ ಅಂದರು. ಪುಟಗಟ್ಟಲೆ ವಿವರಿಸಿದ ನಿಯಮದ ಸಾರವೆಲ್ಲ ಅದರಲ್ಲಿದೆ. ಸಾಕುವ ಪ್ರಾಣಿಗೆ ತನ್ನ ಹೊಟ್ಟೆಯ ಚಿಂತೆಯನ್ನಾಗಲಿ, ಸಂತಾನದ ಲೆಕ್ಕವನ್ನಾಗಲಿ ಮಾಡುವ ಸ್ವಾತಂತ್ರ್ಯವಿಲ್ಲ. ಅದನ್ನು ಗೂಡಿನಲ್ಲಿಟ್ಟ ನಾವೇ ಆ ಲೆಕ್ಕವನ್ನು ಇಡಬೇಕು.