ಕ್ಷಣದ ತಪ್ಪನ್ನು ಹಿಡಿಯುವ ತರ್ಕ ವಿಶ್ಲೇಷಕ

ಕಂಪ್ಯೂಟರಿನ ಮಿದುಳೆನಿಸಿದ ಚಿಪ್ಪು ಒಮ್ಮೆ ಸಿಲಿಕಾನಿನಲ್ಲಿ ಮೂಡಿತೆಂದರೆ, ಅದನ್ನು ತಿದ್ದುವುದು ಶಿಲಾಶಾಸನವನ್ನು ತಿದ್ದಿದಷ್ಟೇ ಕಷ್ಟ. 1994ರಲ್ಲಿ ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ಪಿನ ಭಾಗಾಕಾರದಲ್ಲಿ ದೋಷವೊಂದು ಹೊರಬಿದ್ದಿತು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕಾದಲ್ಲಿ 1.33374 ಬರುತ್ತಿತ್ತು. ಒಳಗಿನ ಕೋಷ್ಟಕವೊಂದರಲ್ಲಿ 5 ಮನೆಗಳು ಬರಿದಾಗಿ ಉಳಿದುದೇ ಇದಕ್ಕೆ ಕಾರಣ. ಕಂಪನಿಗೆ ತಗುಲಿದ ವೆಚ್ಚ 47 ಕೋಟಿ 50 ಲಕ್ಷ ಡಾಲರು!

ಇಂತಹ ನಷ್ಟವನ್ನು ತಪ್ಪಿಸಲೆಂದು ಎಂಜಿನಿಯರರು ಚಿಪ್ಪಿನ ವಿನ್ಯಾಸವನ್ನು ಮೊದಲು ಎಫ್.ಪಿ.ಜಿ.ಎ. ಎಂಬ, ಬರೆದು ಅಳಿಸಬಹುದಾದ ಚಿಪ್ಪುಗಳಲ್ಲಿ ಓಡಿಸಿ ನೋಡುವುದುಂಟು. ನಾಟಕಕ್ಕೆ ಮುಂಚಿನ ತಾಲೀಮಿನಂತಹ ಈ ಕ್ರಮಕ್ಕೆ ಎಮ್ಯುಲೇಷನ್ ಎಂದು ಹೆಸರು. ನಿಜವಾದ ಚಿಪ್ಪಿಗಿಂತ ಇದು ಬಹಳ ನಿಧಾನ. ಆದರೂ ಸೆಕೆಂಡಿಗೆ ಲಕ್ಷಗಟ್ಟಲೆ ಹೆಜ್ಜೆ. ಅವುಗಳಲ್ಲಿ ಒಂದು ತಪ್ಪಿದರೆ ಕಾಣುವುದೆಂತು? ಅದಕ್ಕಾಗಿಯೇ ಹೊರಗಿನಿಂದ ತಂತಿಗಳ ಮೂಲಕ ಜೋಡಿಸುವ ತರ್ಕ ವಿಶ್ಲೇಷಕ, ಅಂದರೆ ಲಾಜಿಕ್ ಅನಲೈಜರ್ ಇದೆ. ಅದನ್ನು ಅಣಿಗೊಳಿಸುವ ಬಗೆಯನ್ನು ನೋಡೋಣ.

ಮೊದಲನೆಯದು, ಜೋಡಣೆ. ಒಳಗಿನ ಸಂಕೇತಗಳನ್ನು ಚಿಪ್ಪಿನ ಬಿಡುವಾಗಿರುವ ಕಾಲುಗಳಿಗೆ ತರಬೇಕು. ಕಾಲುಗಳು ಕೆಲವೇ, ಆದ್ದರಿಂದ ಯಾವುದನ್ನು ನೋಡಬೇಕೆಂಬುದನ್ನು ಮೊದಲೇ ನಿರ್ಧರಿಸಬೇಕು. ಹಳೆಯ ರೇಡಿಯೋಗೆ ಏರಿಯಲ್ಲಿನೊಡನೆ ಅರ್ತ್ ತಂತಿ ಬೇಕಾಗಿದ್ದಂತೆ, ಇಲ್ಲಿಯೂ ಗ್ರೌಂಡ್ ತಂತಿ ಬೇಕೇಬೇಕು. ಅದು ಸಡಿಲವಾದರೆ ಇಲ್ಲದ ತಪ್ಪುಗಳು ಇದ್ದಂತೆ ತೋರುತ್ತವೆ.

ಎರಡನೆಯದು, ಗಡಿ. ಸಂಕೇತಗಳು 3.3 ವೋಲ್ಟಿನವಾದರೆ ಸುಮಾರು 1.6 ವೋಲ್ಟಿಗೆ ಗಡಿಯನ್ನಿಡಬೇಕು. ಮೇಲಿದ್ದುದು ಒಂದು, ಕೆಳಗಿದ್ದುದು ಸೊನ್ನೆ.

ಮೂರನೆಯದು, ನೋಟದ ವೇಗ. ಮಂಡಲದ ಗಡಿಯಾರ ಸೆಕೆಂಡಿಗೆ 1 ಕೋಟಿ ಸಲ ಬಡಿಯುತ್ತಿದ್ದರೆ ಯಂತ್ರವು ಕನಿಷ್ಠ 4 ಕೋಟಿ ಸಲ ನೋಡುವುದು ಲೇಸು. ಆದರೆ ಅದರ ನೆನಪು 10 ಲಕ್ಷ ನೋಟಗಳಷ್ಟೇ ಆದರೆ, ಸೆಕೆಂಡಿನ ನಲವತ್ತರಲ್ಲೊಂದು ಭಾಗಕ್ಕೇ ತುಂಬಿಹೋಗುತ್ತದೆ. ಮಂಡಲದ ಗಡಿಯಾರದ ಬಡಿತಕ್ಕೇ ಒಂದೊಂದು ನೋಟ ಹಿಡಿದರೆ ನಾಲ್ಕರಷ್ಟು ಕಾಲದ ದಾಖಲೆ ಸಿಗುತ್ತದೆ. ಬಡಿತಗಳ ನಡುವಣ ಏರಿಳಿತ ಮಾತ್ರ ಕಾಣದು.

ನಾಲ್ಕನೆಯದೇ ಮುಖ್ಯ: ಟ್ರಿಗರ್, ಎಂದರೆ ದಾಖಲೆಯನ್ನು ಹಿಡಿದಿಡುವ ಗುರುತು. "ಏನೋ ಕೆಟ್ಟಿದೆ" ಎಂದರೆ ಯಂತ್ರಕ್ಕೆ ತಿಳಿಯದು. "ಬೇಡಿಕೆ ಹೋಗಿ 8 ಬಡಿತಗಳೊಳಗೆ ಒಪ್ಪಿಗೆ ಬಾರದಿದ್ದರೆ ಹಿಡಿ" ಎಂದು ಹೇಳಬೇಕು. ಕಾರಣವು ಕಾರ್ಯಕ್ಕಿಂತ ಮುಂಚಿನದಷ್ಟೆ. ಆದುದರಿಂದ ನೆನಪಿನ ಹೆಚ್ಚು ಪಾಲನ್ನು, ನೂರಕ್ಕೆ ತೊಂಬತ್ತರಷ್ಟನ್ನಾದರೂ, ಗುರುತಿಗೆ ಹಿಂದಿನ ಕ್ಷಣಗಳಿಗೆ ಮೀಸಲಿಡುವುದು ಜಾಣತನ.

ವಾಚಕರೇ, ನಮ್ಮ ಕೈಯ ಫೋನಿನಲ್ಲಿಯೂ ಆಸ್ಪತ್ರೆಯ ಯಂತ್ರದಲ್ಲಿಯೂ ಇಂತಹ ಚಿಪ್ಪುಗಳೇ ಲೆಕ್ಕಹಾಕುತ್ತಿವೆ. ವಿಶ್ಲೇಷಕವು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. ತಪ್ಪು ಎಲ್ಲಿ ಅಡಗಿರಬಹುದೆಂದು ಊಹಿಸಿ ತಕ್ಕ ಪ್ರಶ್ನೆಯನ್ನು ಹೂಡುವ ಕೆಲಸ ಮನುಷ್ಯನದೇ.