ಹೈ ಡೇ, ಲೋ ಡೇ: ಅನ್ನದ ಮೇಲೆ ಬಿದ್ದ ಅಪವಾದ

ಕುಮಾರಸ್ವಾಮಿ ಲೇಔಟಿನಲ್ಲಿ, ದಯಾನಂದ ಸಾಗರ್ ಕಾಲೇಜಿನ ಸುತ್ತಲಿನ ಬೀದಿಗಳ ಜಿಮ್‌ಗಳಿಗೆ ಎರಡು ಪಾಳಿ. ಬೆಳಿಗ್ಗೆ ಯಲಚೇನಹಳ್ಳಿಯಲ್ಲಿ ಮೆಟ್ರೋ ಹಿಡಿಯುವ ಆಫೀಸಿನವರು, ಸಂಜೆ ಪಿಜಿಗಳಲ್ಲಿರುವ ವಿದ್ಯಾರ್ಥಿಗಳು. "ಇವತ್ತು ಲೋ ಡೇ ಮಗಾ, ಅನ್ನ ಮುಟ್ಟಲ್ಲ", "ನಾಳೆ ಲೆಗ್ ಡೇ, ಬಿರಿಯಾನಿ ಹೊಡೀಬೋದು" ಎಂಬ ಮಾತು ಎರಡೂ ಪಾಳಿಗಳಲ್ಲಿ ಕೇಳಿಬರುತ್ತದೆ. ಇದೇ ಕಾರ್ಬ್ ಸೈಕ್ಲಿಂಗ್. ಭಾರ ಎತ್ತುವ ದಿನ ಕಾರ್ಬೋಹೈಡ್ರೇಟ್ ಹೆಚ್ಚು, ವಿಶ್ರಾಂತಿಯ ದಿನ ಕಡಿಮೆ, ಪ್ರೋಟೀನ್ ಮಾತ್ರ ಎರಡೂ ದಿನ ಒಂದೇ ಅಳತೆ. ಪದ್ಧತಿಯಲ್ಲಿ ದೋಷವೇನಿಲ್ಲ. ಆದರೆ ಅದರ ಸುತ್ತ ಹಬ್ಬಿರುವ ನಂಬಿಕೆಗಳಲ್ಲಿ ಅರ್ಧಕ್ಕರ್ಧ ತಪ್ಪು. ಅವುಗಳನ್ನು ನಂಬಿದ ಹುಡುಗರು ಅನ್ನಕ್ಕೆ ಹೆದರುತ್ತಾರೆ, ತಟ್ಟೆಯಲ್ಲಿ ನಿಜಕ್ಕೂ ಕೊರತೆ ಇರುವುದು ಯಾವುದು ಎಂದು ನೋಡುವುದೇ ಇಲ್ಲ.

"ಕಾರ್ಬ್ ತಿಂದರೆ ಇನ್ಸುಲಿನ್ ಏರುತ್ತೆ, ಇನ್ಸುಲಿನ್ ಏರಿದರೆ ಕೊಬ್ಬು ಕರಗೋದೇ ಇಲ್ಲ"

ಅರ್ಧ ನಿಜ. ಊಟವಾದ ಮೇಲಿನ ಕೆಲವು ಗಂಟೆ ಇನ್ಸುಲಿನ್ ಕೊಬ್ಬಿನ ಬಿಡುಗಡೆಯನ್ನು ತಡೆಯುವುದು ಹೌದು. ಆದರೆ ಆ ಹೊತ್ತಿಗೆ ದೇಹ ಉರಿಸುತ್ತಿರುವುದು ಕಾರ್ಬನ್ನೇ. ಅದು ಖರ್ಚಾದ ಮೇಲೆ ಮತ್ತೆ ಕೊಬ್ಬಿಗೆ ಕೈ ಹಾಕುತ್ತದೆ. ಲೋ ಡೇಯಲ್ಲಿ ಹೆಚ್ಚು ಕೊಬ್ಬು ಉರಿಯುತ್ತದೆ ಎಂಬುದೂ ಸರಿಯೇ. ಆದರೆ ಅನ್ನದ ಜಾಗದಲ್ಲಿ ತುಪ್ಪ, ಪನೀರ್, ಬಾದಾಮಿ ತಿಂದರೆ ಒಳಗೆ ಹೋಗುವ ಕೊಬ್ಬೂ ಹೆಚ್ಚಾಯಿತಲ್ಲ? ಉಳಿಯುವುದು ಒಟ್ಟು ಲೆಕ್ಕ ಮಾತ್ರ. ಇನ್ನು, ಜಿಮ್ ಮುಗಿಸಿ ಕುಡಿಯುವ ವೇ ಪ್ರೋಟೀನ್ ಕೂಡ ಇನ್ಸುಲಿನ್ ಅನ್ನು ಚೆನ್ನಾಗಿಯೇ ಏರಿಸುತ್ತದೆ. ಅದಕ್ಕೆ ಯಾರೂ ಹೆದರುವುದಿಲ್ಲ.

ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರು ಬೊಜ್ಜಿರುವ 19 ಜನರನ್ನು ಆಸ್ಪತ್ರೆಯ ವಾರ್ಡಿನಲ್ಲೇ ಇಟ್ಟುಕೊಂಡು, ತುತ್ತು ತುತ್ತನ್ನೂ ಅಳೆದು ಬಡಿಸಿ, ಒಮ್ಮೆ ಕಾರ್ಬ್ ಕಡಿಮೆ ಮಾಡಿದರು, ಇನ್ನೊಮ್ಮೆ ಅಷ್ಟೇ ಕ್ಯಾಲೊರಿಯ ಕೊಬ್ಬು ಕಡಿಮೆ ಮಾಡಿದರು. 2015ರಲ್ಲಿ ಬಂದ ಫಲಿತಾಂಶದಲ್ಲಿ, ಕಾರ್ಬ್ ಇಳಿಸಿದಾಗ ಇನ್ಸುಲಿನ್ ಇಳಿದಿತ್ತು. ಆದರೆ ದೇಹದ ಕೊಬ್ಬು ದಿನಕ್ಕೆ ಕರಗಿದ್ದು ಸುಮಾರು 53 ಗ್ರಾಂ. ಕಾರ್ಬ್ ಮುಟ್ಟದೆ ಆಹಾರದ ಕೊಬ್ಬು ಇಳಿಸಿದಾಗ 89 ಗ್ರಾಂ. ಇದು ಆರೇ ದಿನದ ಪ್ರಯೋಗ ಎನ್ನುವವರಿಗೆ ಸ್ಟ್ಯಾನ್‌ಫರ್ಡಿನ 2018ರ ಅಧ್ಯಯನವಿದೆ. 609 ಜನ, ಒಂದು ವರ್ಷ. ಕಾರ್ಬ್ ಕಡಿಮೆ ತಿಂದವರು ಸರಾಸರಿ 6 ಕೆಜಿ, ಕೊಬ್ಬು ಕಡಿಮೆ ತಿಂದವರು 5.3 ಕೆಜಿ ಇಳಿದರು. ಇಷ್ಟರ ಅಂತರವನ್ನು ಸಂಖ್ಯಾಶಾಸ್ತ್ರ ಅಂತರವೆಂದೇ ಒಪ್ಪುವುದಿಲ್ಲ.

ಹಾಗಾದರೆ ಸೈಕ್ಲಿಂಗ್ ಯಾಕೆ? ವಾರದ ಕ್ಯಾಲೊರಿಯನ್ನು ಅನುಕೂಲಕ್ಕೆ ತಕ್ಕಂತೆ ಹಂಚಿಕೊಳ್ಳಲು. 70 ಕೆಜಿಯ ಒಬ್ಬ ಹುಡುಗನಿಗೆ ತೂಕ ಹಾಗೇ ಇರಲು ದಿನಕ್ಕೆ 2,400 ಕ್ಯಾಲೊರಿ ಬೇಕು, ಕರಗಿಸಲು 2,000 ಎಂದು ಇಟ್ಟುಕೊಳ್ಳೋಣ. ವಾರಕ್ಕೆ 14,000. ಜಿಮ್ಮಿನ ನಾಲ್ಕು ದಿನ 2,150ರಂತೆ, ಉಳಿದ ಮೂರು ದಿನ 1,800ರಂತೆ ತಿಂದರೂ ಮೊತ್ತ ಅದೇ 14,000. ಪ್ರೋಟೀನ್ 120 ಗ್ರಾಂ, ಕೊಬ್ಬು 55 ಗ್ರಾಂ ಎಲ್ಲ ದಿನವೂ ಸಮ ಎಂದಾದರೆ ಕಾರ್ಬ್ ಪಾಲು ಹೈ ಡೇಗೆ ಸುಮಾರು 290 ಗ್ರಾಂ, ಲೋ ಡೇಗೆ ಸುಮಾರು 205 ಗ್ರಾಂ. ಲೋ ಡೇಯಲ್ಲೂ ಇನ್ನೂರು ಗ್ರಾಂ! ಅನ್ನ ಪೂರ್ತಿ ಬಿಡಬೇಕು ಎಂದು ಈ ಲೆಕ್ಕ ಎಲ್ಲೂ ಹೇಳುವುದಿಲ್ಲ.

"ಮೂರು ದಿನ ಲೋ ಕಾರ್ಬ್ ಮಾಡಿದೆ, ಎರಡು ಕೆಜಿ ಕೊಬ್ಬು ಹೋಯ್ತು"

ಹೋಗಿದ್ದು ಬಹುಪಾಲು ನೀರು. ಒಂದು ಕೆಜಿ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ, ಎರಡು ಕೆಜಿಗೆ 15,400. ಮೂರು ದಿನ ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕದಿದ್ದರೂ ಆ ಹುಡುಗನ ದೇಹ ಖರ್ಚು ಮಾಡುವುದು ಏಳು ಸಾವಿರದ ಆಸುಪಾಸು. ಲೆಕ್ಕ ಕೂಡುವುದೇ ಇಲ್ಲ.

ನಾವು ತಿಂದ ಕಾರ್ಬ್ ಗ್ಲೈಕೊಜೆನ್ ರೂಪದಲ್ಲಿ ಶೇಖರವಾಗುತ್ತದೆ. ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400ರಿಂದ 500 ಗ್ರಾಂ. ಪ್ರತಿ ಗ್ರಾಂ ಗ್ಲೈಕೊಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಶೇಖರ ಖಾಲಿಯಾದರೆ ನೀರೂ ಹೊರಗೆ. ಯುಗಾದಿಯ ಹೋಳಿಗೆ ಊಟದ ಮರುದಿನ ತಕ್ಕಡಿ ಒಂದೂವರೆ ಕೆಜಿ ಏರಿದ್ದಕ್ಕೆ ಕಂಗಾಲಾಗುವವರೂ ಇದನ್ನು ತಿಳಿಯಬೇಕು. ಅದರಲ್ಲೂ ಹೆಚ್ಚಿನ ಪಾಲು ನೀರು, ಉಪ್ಪು ಮತ್ತು ಹೊಟ್ಟೆಯಲ್ಲಿನ್ನೂ ಇರುವ ಊಟದ್ದು.

ಗ್ಲೈಕೊಜೆನ್ನಿನ ಈ ಏರಿಳಿತವನ್ನು ಮೊದಲು ಕಣ್ಣಾರೆ ತೋರಿಸಿದವರು ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್. 1966ರ ಈ ಪ್ರಯೋಗ ನನಗೆ ಬಹಳ ಇಷ್ಟ. ಇಬ್ಬರೂ ತಮ್ಮ ಮೇಲೆಯೇ ಮಾಡಿಕೊಂಡರು. ಒಂದೇ ಸೈಕಲ್ಲಿನ ಆ ಕಡೆ ಒಬ್ಬ, ಈ ಕಡೆ ಒಬ್ಬ ಕೂತು, ತಲಾ ಒಂದೇ ಕಾಲಿನಿಂದ ಸುಸ್ತಾಗುವವರೆಗೆ ತುಳಿದರು. ಇನ್ನೊಂದು ಕಾಲಿಗೆ ವಿಶ್ರಾಂತಿ. ಆಮೇಲೆ ಮೂರು ದಿನ ಕಾರ್ಬ್ ತುಂಬಿದ ಊಟ ಮಾಡಿ, ಎರಡೂ ತೊಡೆಗಳಿಂದ ಸೂಜಿಯಲ್ಲಿ ಸ್ನಾಯುವಿನ ಚೂರು ತೆಗೆದು ಅಳೆದರು. ದುಡಿದ ಕಾಲಿನಲ್ಲಿ ಗ್ಲೈಕೊಜೆನ್ ವಿಶ್ರಾಂತಿಯಲ್ಲಿದ್ದ ಕಾಲಿನ ಎರಡು ಪಟ್ಟಿಗೇರಿತ್ತು. ಊಟ ಒಂದೇ, ದೇಹ ಒಂದೇ, ಆದರೆ ಕಾರ್ಬ್ ಹೋಗಿ ಸೇರಿದ್ದು ದುಡಿದ ಸ್ನಾಯುವಿಗೆ. ಕಾರ್ಬ್ ಸೈಕ್ಲಿಂಗಿಗೆ ಗಟ್ಟಿ ಆಧಾರ ಎಂದು ಏನಾದರೂ ಇದ್ದರೆ ಅದು ಇದೇ. ಕೊಬ್ಬು ಕರಗಿಸುವ ವಿಶೇಷ ಶಕ್ತಿಯೇನೂ ಅದರಲ್ಲಿಲ್ಲ. ಚೆನ್ನಾಗಿ ಭಾರ ಎತ್ತಲು ಇಂಧನ ಇರುತ್ತದೆ, ಚೆನ್ನಾಗಿ ಎತ್ತಿದರೆ ಇರುವ ಸ್ನಾಯು ಉಳಿಯುತ್ತದೆ.

"ಹೈ ಡೇ ಇಟ್ಟರೆ ಮಲಗಿರೋ ಮೆಟಬಾಲಿಸಂ ಎದ್ದೇಳುತ್ತೆ"

ಈ ಮಾತಿನ ಹಿಂದೆ ಲೆಪ್ಟಿನ್ ಎಂಬ ಹಾರ್ಮೋನ್ ಇದೆ. ಡಯೆಟ್ ಮಾಡಿದಾಗ ಅದು ಇಳಿಯುತ್ತದೆ, ಹಸಿವು ಹೆಚ್ಚುತ್ತದೆ, ಖರ್ಚು ತುಸು ಕಡಿಮೆಯಾಗುತ್ತದೆ. ಕಾರ್ಬ್ ಹೆಚ್ಚು ತಿಂದರೆ ಲೆಪ್ಟಿನ್ ಏರುತ್ತದೆ ಎಂಬುದೂ ನಿಜ. ಸ್ವಿಟ್ಜರ್ಲೆಂಡಿನಲ್ಲಿ 2000ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತ ಮಹಿಳೆಯರಿಗೆ ಮೂರು ದಿನ ಶೇ. 40ರಷ್ಟು ಹೆಚ್ಚುವರಿ ಕಾರ್ಬ್ ಊಟ ಕೊಟ್ಟಾಗ ಲೆಪ್ಟಿನ್ ಶೇ. 28 ಏರಿತು, ದಿನದ ಖರ್ಚು ಶೇ. 7 ಏರಿತು. ಇದನ್ನು 2,000 ಕ್ಯಾಲೊರಿಗೆ ಅನ್ವಯಿಸಿ ನೋಡಿ. ಹೆಚ್ಚುವರಿಯಾಗಿ ತಿಂದದ್ದು 800, ಹೆಚ್ಚುವರಿಯಾಗಿ ಖರ್ಚಾದದ್ದು 140. ಮೆಟಬಾಲಿಸಂ ಎಬ್ಬಿಸಲು ಬಿರಿಯಾನಿ ತಿನ್ನುವುದರಲ್ಲಿ ಲಾಭವಿಲ್ಲ.

ಸ್ನಾಯು ಉಳಿಸುವ ಮಾತು ಬೇರೆ. ವಾರದಲ್ಲಿ ಐದು ದಿನ ಬಿಗಿ ಡಯೆಟ್, ಎರಡು ದಿನ ಕಾರ್ಬ್ ಹೆಚ್ಚಿಸುವ 'ರೀಫೀಡ್' ಎಂಬ ಕ್ರಮವನ್ನು ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದ ಬಿಲ್ ಕ್ಯಾಂಪ್‌ಬೆಲ್ ತಂಡ ಭಾರ ಎತ್ತುವವರ ಮೇಲೆಯೇ ಏಳು ವಾರ ನೋಡಿತು. 2020ರಲ್ಲಿ ಬಂದ ವರದಿಯ ಪ್ರಕಾರ ಕೊಬ್ಬು ರೀಫೀಡ್ ಮಾಡಿದವರಲ್ಲೂ ದಿನವೂ ಒಂದೇ ಡಯೆಟ್ ಮಾಡಿದವರಲ್ಲೂ ಹೆಚ್ಚುಕಡಿಮೆ ಸಮನಾಗಿ ಕರಗಿತು, ರೀಫೀಡ್ ಗುಂಪಿನಲ್ಲಿ ಕೊಬ್ಬಿಲ್ಲದ ತೂಕ ತುಸು ಹೆಚ್ಚು ಉಳಿಯಿತು. ಆ ತೂಕದಲ್ಲಿ ಗ್ಲೈಕೊಜೆನ್ ಮತ್ತು ನೀರೂ ಸೇರಿರುತ್ತವೆ ಎಂಬುದನ್ನು ಮರೆಯಬಾರದು. ಮರುವರ್ಷ ಆಸ್ಟ್ರೇಲಿಯಾದಲ್ಲಿ 61 ಜನರ ಮೇಲೆ ನಡೆದ ಅಧ್ಯಯನದಲ್ಲಿ ಮೂರು ವಾರಕ್ಕೊಮ್ಮೆ ಒಂದು ವಾರ ಡಯೆಟ್ಟಿಗೆ ಬಿಡುವು ಕೊಟ್ಟು ನೋಡಿದರು. ಕೊಬ್ಬಿನಲ್ಲೂ ವ್ಯತ್ಯಾಸ ಬರಲಿಲ್ಲ, ಸ್ನಾಯುವಿನಲ್ಲೂ ಬರಲಿಲ್ಲ. ಬಿಡುವು ಪಡೆದವರಿಗೆ ಹಸಿವಿನ ಕಾಟ ಮಾತ್ರ ಕಡಿಮೆಯಿತ್ತು. ಅದೂ ಸಣ್ಣ ವಿಷಯವಲ್ಲ. ತಿಂಗಳುಗಟ್ಟಲೆ ನಡೆಸಬೇಕಾದ ಕೆಲಸದಲ್ಲಿ ಬಾಳಿಕೆ ಬರುವ ಪದ್ಧತಿಯೇ ಒಳ್ಳೆಯದು. ಸೈಕ್ಲಿಂಗ್ ನಿಮಗೆ ಹಿಡಿಸಿದರೆ ಮಾಡಿ, ಹಿಡಿಸದಿದ್ದರೆ ದಿನಾ ಒಂದೇ ಅಳತೆ ತಿಂದರೂ ಏನೂ ನಷ್ಟವಿಲ್ಲ.

"ಅನ್ನ ಬಿಟ್ಟು ಮುದ್ದೆ ತಿಂತೀನಿ, ಅದು ಕಾರ್ಬ್ ಅಲ್ಲ"

ನೂರು ಗ್ರಾಂ ರಾಗಿಯಲ್ಲಿ 67 ಗ್ರಾಂ ಕಾರ್ಬ್, 7 ಗ್ರಾಂ ಪ್ರೋಟೀನ್. ಅಷ್ಟೇ ತೂಕದ ಅಕ್ಕಿಯಲ್ಲಿ 78 ಮತ್ತು 8. ಗೋಧಿ ಹಿಟ್ಟಿನಲ್ಲಿ 64 ಮತ್ತು ಹತ್ತೂವರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಅಂಕಿಗಳಿವು. ರಾಗಿಯ ಹೆಚ್ಚುಗಾರಿಕೆ ನಾರು ಮತ್ತು ಸುಣ್ಣದ ಅಂಶದಲ್ಲಿದೆ. 11 ಗ್ರಾಂ ನಾರು, 364 ಮಿಲಿಗ್ರಾಂ ಕ್ಯಾಲ್ಸಿಯಂ. ಅದಕ್ಕೇ ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ, ಡಯೆಟ್ಟಿನಲ್ಲಿ ಮುದ್ದೆ ಒಳ್ಳೆಯ ಸಂಗಾತಿ. ಆದರೆ 120 ಗ್ರಾಂ ಹಿಟ್ಟಿನ ಒಂದು ಮುದ್ದೆಯೆಂದರೆ 80 ಗ್ರಾಂ ಕಾರ್ಬ್. ಲೆಕ್ಕದಿಂದ ಅದನ್ನು ಹೊರಗಿಡುವಂತಿಲ್ಲ.

ರಾತ್ರಿ ಅನ್ನ ತಿಂದರೆ ಹೊಟ್ಟೆ ಬರುತ್ತದೆ ಎಂಬುದಕ್ಕೂ ಆಧಾರವಿಲ್ಲ. ಇಸ್ರೇಲಿನಲ್ಲಿ 78 ಪೊಲೀಸರಿಗೆ ಆರು ತಿಂಗಳು ಡಯೆಟ್ ಕೊಟ್ಟಾಗ, ದಿನದ ಕಾರ್ಬನ್ನು ಹೆಚ್ಚಾಗಿ ರಾತ್ರಿಯೂಟಕ್ಕೇ ಇಟ್ಟುಕೊಂಡವರು ಉಳಿದವರಿಗಿಂತ ಹಿಂದೆ ಬೀಳಲಿಲ್ಲ. ತುಸು ಹೆಚ್ಚೇ ಇಳಿದರು.

"ಬೇಳೆ ಸಾರು ಇದೆಯಲ್ಲ, ಪ್ರೋಟೀನ್ ಸಿಗುತ್ತೆ"

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವ ನಂಬಿಕೆ ಇದು. ಪಿಜಿಯ ಒಂದು ದಿನದ ಊಟವನ್ನು ಬಿಡಿಸಿ ನೋಡೋಣ. ಬೆಳಿಗ್ಗೆ ನಾಲ್ಕು ಇಡ್ಲಿ, ಚಟ್ನಿ. ಮಧ್ಯಾಹ್ನ ಒಂದು ತಟ್ಟೆ ಅನ್ನ, ಸಾಂಬಾರ್, ಒಂದು ಸೌಟು ಮೊಸರು. ಸಂಜೆ ಟೀ, ಬಿಸ್ಕತ್ತು. ರಾತ್ರಿ ಮೂರು ಚಪಾತಿ, ಪಲ್ಯ, ಮೇಲೆ ಸ್ವಲ್ಪ ಅನ್ನ, ತಿಳಿಸಾರು. ಎಲ್ಲ ಕೂಡಿದರೆ ಕಾರ್ಬ್ ಸುಮಾರು 290 ಗ್ರಾಂ, ಪ್ರೋಟೀನ್ 45ರಿಂದ 50 ಗ್ರಾಂ. ಜಿಮ್ಮಿಗೆ ಹೋಗದ 70 ಕೆಜಿಯ ಮನುಷ್ಯನಿಗೇ ದಿನಕ್ಕೆ 58 ಗ್ರಾಂ ಬೇಕೆಂದು ನಮ್ಮ ಐಸಿಎಂಆರ್ ಲೆಕ್ಕ ಹೇಳುತ್ತದೆ. ಭಾರ ಎತ್ತುವವನಿಗೆ ಕೆಜಿಗೆ 1.6 ಗ್ರಾಂನಷ್ಟು, ಅಂದರೆ 112 ಗ್ರಾಂ ಸಿಕ್ಕರೆ ಒಳ್ಳೆಯದು ಎಂಬುದು 49 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯ ತೀರ್ಮಾನ.

ಈಗ ಈ ಪಿಜಿ ಹುಡುಗ ಲೋ ಡೇ ಮಾಡುತ್ತಾನೆ, ಅನ್ನ ಪೂರ್ತಿ ಬಿಡುತ್ತಾನೆ. ಕಾರ್ಬ್ 165ಕ್ಕೆ ಇಳಿಯಿತು. ಅನ್ನದ ಜೊತೆ ಅದರಲ್ಲಿದ್ದ ಹನ್ನೆರಡು ಗ್ರಾಂ ಪ್ರೋಟೀನೂ ಹೋಯಿತು, ಉಳಿದದ್ದು ಮೂವತ್ತೈದು. ಕಾರ್ಬ್ ಇಳಿಸಿದ್ದೇನೆ ಎಂದು ಅವನು ತಿಳಿದಿದ್ದಾನೆ. ವಾಸ್ತವದಲ್ಲಿ ಅವನ ಲೋ ಡೇ ಪ್ರೋಟೀನಿನ ಉಪವಾಸ. ಹೀಗೆ ಎರಡು ತಿಂಗಳು ನಡೆದರೆ ತೂಕ ಇಳಿಯುತ್ತದೆ, ಕೈತೋಳು ಸಣಕಲಾಗುತ್ತವೆ, ಹೊಟ್ಟೆ ಮಾತ್ರ ಮೆತ್ತಗೇ ಉಳಿಯುತ್ತದೆ. "ನನ್ನ ಜೀನ್ಸ್ ಸರಿಯಿಲ್ಲ" ಎಂದು ಹುಡುಗ ಕೈಚೆಲ್ಲುತ್ತಾನೆ. ನೋಡಿದರೆ ಸಂಕಟವಾಗುತ್ತದೆ.

ಪರಿಹಾರಕ್ಕೆ ದುಬಾರಿ ಡಬ್ಬ ಬೇಕಿಲ್ಲ. ಎರಡು ಇಡೀ ಮೊಟ್ಟೆ, ನಾಲ್ಕು ಮೊಟ್ಟೆಯ ಬಿಳಿ ಸೇರಿ 27 ಗ್ರಾಂ. 50 ಗ್ರಾಂ ಸೋಯಾ ಚಂಕ್ಸ್, ನೆನೆಸಿ ಹಿಂಡಿ ಪಲ್ಯಕ್ಕೆ ಹಾಕಿದರೆ 26 ಗ್ರಾಂ. 300 ಗ್ರಾಂ ಮೊಸರಿಗೆ ಒಂಬತ್ತು. ಸಾಂಬಾರಿನ ತಳದ ಬೇಳೆಯನ್ನು ಕೇಳಿ ಹಾಕಿಸಿಕೊಂಡರೆ ಇನ್ನೊಂದು ಆರು. ಮಾಂಸ ತಿನ್ನುವವರಿಗೆ ದಾರಿ ಇನ್ನೂ ಸುಲಭ, 100 ಗ್ರಾಂ ಹಸಿ ಕೋಳಿ ಎದೆಮಾಂಸಕ್ಕೆ 22 ಗ್ರಾಂ. ಅನ್ನ ಇಳಿಸಬೇಕಾದದ್ದು ಇವುಗಳಿಗೆ ಜಾಗ ಮಾಡಿಕೊಡಲು. ಮೊದಲು ಪ್ರೋಟೀನ್ ದಿನವೂ ನೂರು ದಾಟಲಿ. ಅದು ಕೈಗೂಡುವ ತನಕ ಹೈ ಡೇ, ಲೋ ಡೇ ಎಂಬ ಚರ್ಚೆಗೆ ಅರ್ಥವೇ ಇಲ್ಲ.

"ರೆಸ್ಟ್ ಡೇ ತಾನೇ, ಕಾರ್ಬ್ ಯಾಕೆ?"

ಭಾರ ಎತ್ತಿದ ಮೇಲೆ ಸ್ನಾಯು ಕಟ್ಟುವ ಕೆಲಸ ಒಂದೆರಡು ದಿನ ನಡೆಯುತ್ತಲೇ ಇರುತ್ತದೆ. ಖಾಲಿಯಾದ ಗ್ಲೈಕೊಜೆನ್ ತುಂಬಲೂ ಹೆಚ್ಚುಕಡಿಮೆ ಒಂದು ದಿನ ಬೇಕು. ಹಾಗಾಗಿ ಕ್ಯಾಲೆಂಡರ್ ನೋಡಿ ಹೈ, ಲೋ ಎಂದು ಬರೆದುಕೊಳ್ಳುವುದರಲ್ಲಿ ಒಂದು ಎಡವಟ್ಟಿದೆ. ಮಂಗಳವಾರ ಬೆಳಿಗ್ಗೆ ಆರಕ್ಕೆ ಕಾಲಿನ ವ್ಯಾಯಾಮ ಮಾಡುವವನಿಗೆ ಇಂಧನ ಬರುವುದು ಸೋಮವಾರ ರಾತ್ರಿಯ ಊಟದಿಂದ. ಅವನು ಸೋಮವಾರವನ್ನು ಲೋ ಡೇ ಮಾಡಿ, ಮಂಗಳವಾರ ಮಧ್ಯಾಹ್ನ ಹೊಟ್ಟೆ ತುಂಬ ಅನ್ನ ತಿಂದರೆ ಹಿಂದುಮುಂದಾಯಿತು. ಬೆಳಗಿನ ಪಾಳಿಯವರು ಹಿಂದಿನ ರಾತ್ರಿ ಮತ್ತು ವ್ಯಾಯಾಮದ ನಂತರದ ತಿಂಡಿಯಲ್ಲಿ ಕಾರ್ಬ್ ಹೆಚ್ಚಿಸಲಿ. ಸಂಜೆಯವರು ಮಧ್ಯಾಹ್ನದ ಊಟದಲ್ಲಿ ಮತ್ತು ನಾಲ್ಕು ಗಂಟೆಯ ಬಾಳೆಹಣ್ಣಿನಲ್ಲಿ.

"ಸ್ಪರ್ಧೆಗೆ ಮುಂಚೆ ಕಾರ್ಬ್ ಲೋಡ್ ಮಾಡಿ ನೀರು ಬಿಡಬೇಕು"

ಗ್ಲೈಕೊಜೆನ್ ನೀರಿಲ್ಲದೆ ಸ್ನಾಯುವಿನೊಳಗೆ ನಿಲ್ಲುವುದಿಲ್ಲ. ನೀರು ನಿಲ್ಲಿಸಿ ಕಾರ್ಬ್ ತುಂಬಿದರೆ ಸ್ನಾಯು ಉಬ್ಬುವ ಬದಲು ಸೊರಗುತ್ತದೆ. ಅದರ ಮೇಲೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವುದು ಪ್ರಾಣದ ಜೊತೆ ಆಡುವ ಆಟ. ಅಲ್ಜೀರಿಯಾ ಮೂಲದ ಹೆಸರಾಂತ ದೇಹದಾರ್ಢ್ಯ ಪಟು ಮೊಹಮದ್ ಬೆನಜೀಜಾ 1992ರ ಅಕ್ಟೋಬರಿನಲ್ಲಿ ನೆದರ್ಲೆಂಡ್ಸಿನ ಸ್ಪರ್ಧೆ ಮುಗಿದ ಬೆನ್ನಿಗೇ ತೀರಿಕೊಂಡರು, ತೀವ್ರ ನಿರ್ಜಲೀಕರಣಕ್ಕೆ ಸಿಲುಕಿ. ಕಾಲೇಜು ಮಟ್ಟದ ಸ್ಪರ್ಧೆಗೂ ಈ ಸಲಹೆ ಕೊಡುವ ಟ್ರೈನರ್ ಇದ್ದರೆ ಅವರ ಮಾತು ಕೇಳಬೇಡಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಲೋ ಡೇ ಮಾಡಕೂಡದು. ಔಷಧ ಅದೇ ಪ್ರಮಾಣದಲ್ಲಿದ್ದು ಕಾರ್ಬ್ ಅರ್ಧಕ್ಕಿಳಿದರೆ ಸಕ್ಕರೆ ದಿಢೀರ್ ಕುಸಿಯುತ್ತದೆ, ಅದರಲ್ಲೂ ವ್ಯಾಯಾಮದ ಹೊತ್ತಿನಲ್ಲಿ. ಡಯೆಟ್ ಶುರು ಮಾಡಿದ ಮೇಲೆ ಮುಟ್ಟು ನಿಂತ ಹೆಣ್ಣುಮಕ್ಕಳು ತಡಮಾಡದೆ ಊಟ ಹೆಚ್ಚಿಸಿ ವೈದ್ಯರಿಗೆ ತೋರಿಸಬೇಕು. ಉಳಿದವರು ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ ಬರೆದಿಟ್ಟು ವಾರದ ಸರಾಸರಿಯನ್ನು ವಾರದ ಸರಾಸರಿಯ ಜೊತೆಗೇ ಹೋಲಿಸಲಿ, ಹೊಕ್ಕುಳ ಮಟ್ಟದ ಸೊಂಟದಳತೆಯನ್ನೂ ಎರಡು ವಾರಕ್ಕೊಮ್ಮೆ ತೆಗೆಯಲಿ. ಸೊಂಟ ಇಳಿಯುತ್ತಿದ್ದು, ಸ್ಕ್ವಾಟ್ ಮತ್ತು ಬೆಂಚ್ ಪ್ರೆಸ್ಸಿನ ಭಾರ ಹಾಗೇ ಇದ್ದರೆ ಕರಗುತ್ತಿರುವುದು ಕೊಬ್ಬು. ಭಾರವೂ ಸೊಂಟದ ಜೊತೆ ಇಳಿಯತೊಡಗಿದರೆ ಆ ವಾರವೇ ಪ್ರೋಟೀನಿನ ಲೆಕ್ಕ ತೆಗೆದು ನೋಡಿ, ಅದು ಸರಿಯಿದ್ದರೆ ಲೋ ಡೇಗೆ ಒಂದು ಬಟ್ಟಲು ಅನ್ನ ವಾಪಸ್ ಸೇರಿಸಿ.